ಬೆಳಕಿನ ಹಲಗೆಯ ಮೇಲೆ ಮೊದಲ ಗೆರೆ

ಅಕ್ಷರಾಭ್ಯಾಸಕ್ಕೆ ಹಲಗೆ ಬಳಪಗಳೇ ಆಧಾರವಾಗಿದ್ದ ಕಾಲ ನಮ್ಮ ನಾಡಿನಲ್ಲಿ ಬಹಳ ಹಿಂದಿನದೇನೂ ಅಲ್ಲ. ಕಲ್ಲುಹಲಗೆಯ ಮೇಲೆ ಬರೆದುದನ್ನು ಅಂಗೈಯಿಂದ ಒರಸಿ ಮತ್ತೆ ಬರೆಯಬಹುದಾಗಿತ್ತು. ತಪ್ಪಿಗೆ ದಂಡವಿರಲಿಲ್ಲ, ಕಾಗದದ ಖರ್ಚೂ ಇರಲಿಲ್ಲ. ಅಕ್ಷರ ತಿದ್ದಿದ ಮಕ್ಕಳು ಅದೇ ಹಲಗೆಯ ಮೂಲೆಯಲ್ಲಿ ಒಂದು ಹಕ್ಕಿಯನ್ನೋ ಮರವನ್ನೋ ಬರೆದು ತಮಗೆ ತಾವೇ ಚಿತ್ರಗಾರರೂ ಆಗುತ್ತಿದ್ದರು. ಇಂದು ಬೇರೊಂದು ಬಗೆಯ ಹಲಗೆ ನಮ್ಮ ಮನೆಗಳನ್ನು ಪ್ರವೇಶಿಸಿದೆ. ಅದು ಕಲ್ಲಿನದಲ್ಲ, ಬೆಳಕಿನದು. ಅದನ್ನು ಟ್ಯಾಬ್ಲೆಟ್ ಎಂದು ಕರೆಯುತ್ತೇವೆ. ಆ ಮಾತಿನ ಮೂಲಾರ್ಥವೂ ಹಲಗೆಯೆಂದೇ.

ಈ ಹೊಸ ಹಲಗೆ ಕೊಪ್ಪ ತಾಲ್ಲೂಕಿನ ಕಮ್ಮರಡಿಯಂತಹ ಊರುಗಳನ್ನೂ ತಲುಪಿದೆ. 2020 ಮತ್ತು 2021ರಲ್ಲಿ ಕೋವಿಡ್ ರೋಗದ ದೆಸೆಯಿಂದ ಶಾಲೆ ಕಾಲೇಜುಗಳು ಮುಚ್ಚಿದಾಗ, ಮಲೆನಾಡಿನ ಅನೇಕ ಕುಟುಂಬಗಳು ಕಷ್ಟಪಟ್ಟು ಮಕ್ಕಳ ಪಾಠಕ್ಕೆಂದು ಫೋನನ್ನೋ ಟ್ಯಾಬ್ಲೆಟನ್ನೋ ಕೊಂಡವು. ಸಂಕೇತ ಸಿಗಲೆಂದು ಮಕ್ಕಳು ಗುಡ್ಡದ ತಲೆಯನ್ನೇರಿ ಕುಳಿತು ಪಾಠ ಕೇಳಿದ ಸಂಗತಿ ಎಲ್ಲರಿಗೂ ತಿಳಿದುದೇ. ಶಾಲೆಗಳು ಮತ್ತೆ ತೆರೆದವು. ಉಪಕರಣಗಳು ಮನೆಯಲ್ಲಿ ಉಳಿದವು. ಈಗ ಅವು ಯಾವ ಕೆಲಸಕ್ಕೆ ಬಳಕೆಯಾಗುತ್ತಿವೆ? ಬಹುಪಾಲು, ಬೇರೆಯವರು ಮಾಡಿದುದನ್ನು ನೋಡುವುದಕ್ಕೆ. ನೋಡುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಬರೆಯಬಲ್ಲ ಹಲಗೆಯೊಂದು ಕೇವಲ ನೋಡುವ ಕಿಟಕಿಯಾಗಿ ಉಳಿದುಬಿಟ್ಟರೆ ಅದು ನಷ್ಟವೇ ಸರಿ. ಈ ಹಲಗೆಯ ಮೇಲೆ ಚಿತ್ರ ಬರೆಯುವುದನ್ನು ನಮ್ಮ ವಿದ್ಯಾರ್ಥಿಗಳು ಕಲಿಯಬೇಕು, ಮತ್ತು ಅದನ್ನು ಕಲೆಯ ಕಲಿಕೆಯಾಗಿ ಮಾತ್ರವಲ್ಲದೆ ವಿಜ್ಞಾನದ ಕಲಿಕೆಯಾಗಿಯೂ ಕಾಣಬೇಕು ಎಂಬುದು ಈ ಲೇಖನದ ಪ್ರತಿಪಾದನೆ.

ಇದಕ್ಕೆ ಎದುರಾಗಿ ಎರಡು ಮಾತುಗಳು ಕೇಳಿಬರುತ್ತವೆ. ಯಂತ್ರದ ಮೇಲೆ ಬರೆದುದು ಚಿತ್ರವೇ ಅಲ್ಲ, ಅಲ್ಲಿ ಎಲ್ಲವನ್ನೂ ಯಂತ್ರವೇ ಮಾಡಿಬಿಡುತ್ತದೆ ಎಂಬುದು ಒಂದು. ಒಳ್ಳೆಯ ಉಪಕರಣವೊಂದನ್ನು ಕೊಂಡರೆ ಸಾಕು, ಚಿತ್ರ ತಾನಾಗಿಯೇ ಬರುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಹಿರಿಯರ ಮಾತು, ಎರಡನೆಯದು ಜಾಹೀರಾತಿನ ಮಾತು. ಎರಡೂ ಒಂದೇ ತಪ್ಪಿನ ಎರಡು ಮುಖಗಳು. ಎರಡೂ ಉಪಕರಣಕ್ಕೆ ಇಲ್ಲದ ಶಕ್ತಿಯನ್ನು ಆರೋಪಿಸುತ್ತವೆ. ಈ ತಪ್ಪು ನೀಗಬೇಕಾದರೆ ಹಲಗೆಯೊಳಗೆ ನಡೆಯುವುದೇನೆಂಬುದನ್ನು ಮೊದಲು ತಿಳಿಯಬೇಕು.

ಹಲಗೆಯೊಳಗಿನ ವ್ಯಾಪಾರ

ಟ್ಯಾಬ್ಲೆಟ್ಟಿನ ಗಾಜಿನ ಹಿಂದೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ವಾಹಕರೇಖೆಗಳ ಜಾಲವೊಂದಿದೆ. ಅಡ್ಡ ಗೆರೆಗಳೂ ಉದ್ದ ಗೆರೆಗಳೂ ಸಂಧಿಸುವ ಪ್ರತಿಯೊಂದು ಸ್ಥಾನವೂ ಒಂದು ಪುಟ್ಟ ವಿದ್ಯುದ್ಧಾರಕ. ನಮ್ಮ ದೇಹ ವಿದ್ಯುದ್ವಾಹಕವಾದುದರಿಂದ, ಬೆರಳು ಹತ್ತಿರ ಬಂದೊಡನೆ ಆ ಸ್ಥಾನದ ಧಾರಕತೆ ಬದಲಾಗುತ್ತದೆ. ಈ ಬದಲಾವಣೆಯನ್ನು ಅಳೆದು, ಬೆರಳು ಎಲ್ಲಿದೆಯೆಂಬುದನ್ನು ಯಂತ್ರ ಲೆಕ್ಕ ಹಾಕುತ್ತದೆ. ಆದರೆ ಎಷ್ಟು ಬಲವಾಗಿ ಒತ್ತಿದೆಯೆಂಬುದು ಅದಕ್ಕೆ ಸಾಮಾನ್ಯವಾಗಿ ತಿಳಿಯದು. ಅಂಗಡಿಗಳಲ್ಲಿ ದೊರೆಯುವ ರಬ್ಬರ್ ತುದಿಯ ಅಗ್ಗದ ಕಡ್ಡಿಯೂ ಬೆರಳಿನ ಕೆಲಸವನ್ನೇ ಮಾಡುತ್ತದೆ. ಸ್ಥಾನವನ್ನು ಹೇಳುತ್ತದೆ, ಒತ್ತಡವನ್ನು ಹೇಳುವುದಿಲ್ಲ.

ಒತ್ತಡವನ್ನು ಅರಿಯಬಲ್ಲ ಲೇಖನಿಗಳ ಬಗೆ ಬೇರೆ. ಅವುಗಳಲ್ಲಿ ಒಂದು ಬಗೆಯದರಲ್ಲಿ ಬ್ಯಾಟರಿಯೇ ಇಲ್ಲ. ಫಲಕದ ಕೆಳಗಿನ ತಂತಿಜಾಲ ಕ್ಷಣಕಾಲ ವಿದ್ಯುತ್ಕಾಂತೀಯ ತರಂಗಗಳನ್ನು ಹೊರಡಿಸುತ್ತದೆ. ಲೇಖನಿಯೊಳಗಿನ ಸುರುಳಿ ಅವುಗಳಿಂದ ಶಕ್ತಿ ಪಡೆದು ಅನುರಣಿಸುತ್ತದೆ. ಜಾಲ ಮೌನವಾದೊಡನೆ ಲೇಖನಿಯ ಮರುದನಿ ಅದಕ್ಕೆ ಕೇಳಿಸುತ್ತದೆ. ಒಂದು ಶ್ರುತಿಗೆ ಕೂಡಿಸಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಇನ್ನೊಂದು ತಾನೇ ಮಿಡಿಯುವುದಿಲ್ಲವೆ? ತತ್ತ್ವ ಅದೇ. ತುದಿಯನ್ನು ಒತ್ತಿದಂತೆಲ್ಲ ಈ ಮರುದನಿಯಲ್ಲಿ ವ್ಯತ್ಯಾಸ ತೋರುತ್ತದೆ. ಆ ವ್ಯತ್ಯಾಸದಿಂದ ಒತ್ತಡ ತಿಳಿಯುತ್ತದೆ. ಇನ್ನೊಂದು ಬಗೆಯ ಲೇಖನಿಯಲ್ಲಿ ಬ್ಯಾಟರಿಯಿದ್ದು, ಅದು ತನ್ನ ಸಂಕೇತವನ್ನು ತಾನೇ ಕಳುಹಿಸುತ್ತದೆ. ಈಗಿನ ಎಷ್ಟೋ ಲೇಖನಿಗಳು 8192 ಮಟ್ಟದ ಒತ್ತಡವನ್ನು ಗುರುತಿಸುತ್ತವೆಯೆಂದು ತಯಾರಕರು ಸಾರುತ್ತಾರೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಅದು 2ರ 13ನೆಯ ಘಾತ. 13 ದ್ವಿಮಾನ ಅಂಕಿಗಳಲ್ಲಿ ಬರೆಯಬಹುದಾದ ಸಂಖ್ಯೆಗಳ ಎಣಿಕೆ ಅಷ್ಟೆ. ನಮ್ಮ ಕೈಗೆ ಅಷ್ಟೊಂದು ಸೂಕ್ಷ್ಮ ವ್ಯತ್ಯಾಸವನ್ನು ಬೇಕೆಂದಂತೆ ಮಾಡುವ ಶಕ್ತಿಯಿಲ್ಲ. ಆದುದರಿಂದ ಹೊಸಬರು ಈ ಸಂಖ್ಯೆಗೆ ಮರುಳಾಗಿ ಹೆಚ್ಚು ಹಣ ಸುರಿಯಬೇಕಾಗಿಲ್ಲ.

ಇನ್ನು ಪರದೆಯ ಮಾತು. ಅದು ಪಿಕ್ಸೆಲ್ ಎಂಬ ಸಣ್ಣ ಚುಕ್ಕೆಗಳ ಹಾಸು. ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳು. ಒಂದೊಂದಕ್ಕೂ 0ಯಿಂದ 255ರವರೆಗೆ 256 ಮಟ್ಟಗಳು. ಮೂರನ್ನೂ ಗುಣಿಸಿದರೆ 1,67,77,216 ಬಣ್ಣಗಳಾಗುತ್ತವೆ. ಇಷ್ಟು ಬಣ್ಣಗಳಿದ್ದೂ ಕಾಗದದ ಮೇಲೆ ಬರೆದು ಅಭ್ಯಾಸವಿರುವವನಿಗೆ ಇಲ್ಲಿ ಒಂದು ಅಚ್ಚರಿ ಕಾದಿದೆ. ಬಟ್ಟಲಿನಲ್ಲಿ ಹಳದಿಯನ್ನೂ ನೀಲಿಯನ್ನೂ ಕಲಸಿದರೆ ಹಸಿರು ಬರುವುದು ಶಾಲೆಯ ಮಕ್ಕಳಿಗೂ ಗೊತ್ತು. ಸಾಮಾನ್ಯ ತಂತ್ರಾಂಶದಲ್ಲಿ ಹಳದಿಯ ಮೇಲೆ ನೀಲಿಯನ್ನು ಅರ್ಧ ಪಾರದರ್ಶಕವಾಗಿ ಬಳಿದು ನೋಡಿ. ಬರುವುದು ಹಸಿರಲ್ಲ, ಬೂದಿ! ಕಾರಣ ಸರಳ. ಅಚ್ಚ ಹಳದಿಯೆಂದರೆ ಕೆಂಪು 255, ಹಸಿರು 255, ನೀಲಿ 0. ಅಚ್ಚ ನೀಲಿಯೆಂದರೆ 0, 0, 255. ಎರಡರ ಸರಾಸರಿ ತೆಗೆದರೆ ಮೂರೂ ಸುಮಾರು 128 ಆಗುತ್ತವೆ. ಮೂರು ಬೆಳಕುಗಳು ಸಮನಾಗಿದ್ದರೆ ಕಣ್ಣಿಗೆ ಕಾಣುವುದು ಬೂದುಬಣ್ಣ. ಬಟ್ಟಲಿನ ಬಣ್ಣದ ಕಣಗಳು ಬೆಳಕನ್ನು ಹೀರುತ್ತವೆ, ಚದುರಿಸುತ್ತವೆ. ಪರದೆ ಬೆಳಕನ್ನು ಕೂಡಿಸುತ್ತದೆ. ಹೀರುವಿಕೆ ಚದುರುವಿಕೆಗಳ ಗಣಿತವನ್ನು 1931ರಲ್ಲಿ ಕುಬೆಲ್ಕಾ ಮತ್ತು ಮುಂಕ್ ಎಂಬಿಬ್ಬರು ರೂಪಿಸಿದರು. ಆ ಗಣಿತವನ್ನು ಅಳವಡಿಸಿಕೊಂಡು ನಿಜವಾದ ಬಣ್ಣದಂತೆಯೇ ಬೆರೆಯುವ ತಂತ್ರಾಂಶಗಳೂ ಈಚೆಗೆ ಬಂದಿವೆ. ಆದರೂ ಮೊದಲು ಈ ಬೂದಿಯನ್ನು ಕಣ್ಣಾರೆ ಕಂಡು ಕಾರಣ ತಿಳಿಯುವುದು ಲೇಸು. ಭೌತಶಾಸ್ತ್ರದ ಪುಸ್ತಕದ ಒಂದು ಅಧ್ಯಾಯ ಅಲ್ಲಿ ಐದು ನಿಮಿಷದಲ್ಲಿ ಮನದಟ್ಟಾಗುತ್ತದೆ.

ಯಂತ್ರ ಮಾಡುವುದು ಇಷ್ಟನ್ನೇ: ಸ್ಥಾನವನ್ನು ಅಳೆಯುತ್ತದೆ, ಒತ್ತಡವನ್ನು ಅಳೆಯುತ್ತದೆ, ಸಂಖ್ಯೆಗಳನ್ನು ಕೂಡಿಸುತ್ತದೆ. ಗೆರೆ ಎಲ್ಲಿಂದ ಹೊರಟು ಎಲ್ಲಿ ಬಾಗಬೇಕು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳಬೇಕಾದುದು ಬರೆಯುವವನ ಕಣ್ಣು.

ಹೊಸ ಸಾಧನ, ಹಳೆಯ ವಿದ್ಯೆ

ಈ ಸಾಧನ ನಿನ್ನೆ ಮೊನ್ನೆ ಹುಟ್ಟಿದುದಲ್ಲ. 1963ರಲ್ಲಿ ಅಮೆರಿಕದ ಐವಾನ್ ಸದರ್ಲೆಂಡ್ ಎಂಬ ಸಂಶೋಧಕ ವಿದ್ಯಾರ್ಥಿ, ಕೋಣೆಯಷ್ಟು ದೊಡ್ಡದಾದ ಕಂಪ್ಯೂಟರೊಂದರ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆದು ತೋರಿಸಿದ. ಆ ಕಾರ್ಯಕ್ರಮದ ಹೆಸರು ಸ್ಕೆಚ್‌ಪ್ಯಾಡ್. ಮರುವರ್ಷವೇ ರ‍್ಯಾಂಡ್ ಸಂಸ್ಥೆ ಸುಮಾರು 10 ಅಂಗುಲ ಚೌಕದ ಬರೆಯುವ ಫಲಕವನ್ನು ಸಿದ್ಧಪಡಿಸಿತು. ಗೆರೆಯಿಂದ ಬಣ್ಣಕ್ಕೆ ಬರಲು ಇನ್ನೂ ಕೆಲವು ವರ್ಷ ಬೇಕಾಯಿತು. 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ರಿಚರ್ಡ್ ಷೂಪ್ ಅವರು ಸೂಪರ್‌ಪೇಂಟ್ ಎಂಬ ವ್ಯವಸ್ಥೆಯಲ್ಲಿ 256 ಬಣ್ಣಗಳಿಂದ ಚಿತ್ರ ಬಿಡಿಸುವಂತೆ ಮಾಡಿದರು. ಆಗ ಶ್ರೀಮಂತ ಪ್ರಯೋಗಶಾಲೆಗಳಿಗೆ ಮಾತ್ರ ನಿಲುಕುತ್ತಿದ್ದ ಸಾಧನಕ್ಕಿಂತ ಎಷ್ಟೋ ಪಾಲು ಸಮರ್ಥವಾದುದು ಇಂದು ಅಡಿಕೆ ಬೆಳೆಗಾರನ ಮಗಳ ಶಾಲಾಚೀಲದಲ್ಲಿದೆ.

ಇದು ಕಲೆಯಲ್ಲವೆನ್ನುವವರು ಬ್ರಿಟನ್ನಿನ ಡೇವಿಡ್ ಹಾಕ್ನಿಯವರನ್ನು ನೆನೆಯಬಹುದು. ವರ್ಣಚಿತ್ರಗಳಿಂದ ಜಗದ್ವಿಖ್ಯಾತರಾದ ಆ ಕಲಾವಿದರು ತಮ್ಮ ಎಪ್ಪತ್ತರ ಹರೆಯದಲ್ಲಿ ಫೋನಿನ ಮೇಲೂ, ಬಳಿಕ ಐಪ್ಯಾಡಿನ ಮೇಲೂ ಬರೆಯತೊಡಗಿದರು. 2011ರಲ್ಲಿ ಯಾರ್ಕ್‌ಷೈರಿನ ಒಂದು ಹಳ್ಳಿದಾರಿಗೆ ವಸಂತ ಬರುವುದನ್ನು ಅವರು ದಿನದಿನವೂ ಅದರಲ್ಲೇ ಚಿತ್ರಿಸಿದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ 2018ರಲ್ಲಿ ಅನಾವರಣಗೊಂಡ ಬಣ್ಣದ ಗಾಜಿನ ಕಿಟಕಿಯ ವಿನ್ಯಾಸವನ್ನೂ ಅವರು ಐಪ್ಯಾಡಿನ ಮೇಲೆಯೇ ಮಾಡಿದುದು. ಅವರು ಬರೆದುದು ಯಾವ ಅಪೂರ್ವ ವಸ್ತುವನ್ನೂ ಅಲ್ಲ. ಊರ ದಾರಿಯನ್ನು, ಬೇಲಿಯ ಹೂವನ್ನು.

ಸಾಧನ ಬದಲಾದಾಗಲೆಲ್ಲ ಚಿತ್ರವೂ ಸ್ವಲ್ಪ ಬದಲಾಗಿದೆ. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಗಾರ ಬಣ್ಣವನ್ನು ತುಂಬಿಡುವ ತಗಡಿನ ಕೊಳವೆಗೆ ಹಕ್ಕುಪತ್ರ ಪಡೆದ. ಬಣ್ಣ ಒಣಗದೆ ಜೇಬಿನಲ್ಲಿ ಕೂರುವಂತಾದುದರಿಂದಲೇ ಮುಂದೆ ಫ್ರಾನ್ಸಿನ ಚಿತ್ರಗಾರರು ಹೊಲ ಹೊಳೆಗಳ ದಡಕ್ಕೆ ಹೋಗಿ ಬಯಲಿನಲ್ಲಿ ಚಿತ್ರಿಸುವುದು ಸುಲಭವಾಯಿತು. ಆಗಲೂ ಕೊಳವೆಯೇ ಚಿತ್ರ ಬರೆಯಿತೆಂದು ಯಾರೂ ಹೇಳಲಿಲ್ಲ.

ದೂರ ಹೋಗುವುದೇಕೆ? ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬಗಳ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ನೋಡಿ. ಗೋಡೆಗೆ ಕೆಮ್ಮಣ್ಣು, ಬಿಳುಪಿಗೆ ಅರೆದ ಅಕ್ಕಿ, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕುಂಚಕ್ಕೆ ಪುಂಡಿ ನಾರು. ನಾಲ್ಕೇ ಬಣ್ಣಗಳು, ಒಂದೇ ಬಗೆಯ ಕುಂಚ. ಆದರೂ ಆ ಗೆರೆಗಳ ಸಮಾನಾಂತರತೆ, ತ್ರಿಕೋನಗಳ ಜೋಡಣೆ, ಚೌಕದೊಳಗೆ ಚೌಕದ ನೆಯ್ಗೆ ರೇಖಾಗಣಿತದ ಅಧ್ಯಾಪಕನನ್ನೂ ಬೆರಗುಗೊಳಿಸುತ್ತವೆ. ಸಾವಿರ ಕುಂಚಗಳೂ ಒಂದೂ ಮುಕ್ಕಾಲು ಕೋಟಿಗೆ ಸಮೀಪದ ಬಣ್ಣಗಳೂ ಇರುವ ಯಂತ್ರವನ್ನು ಕೈಯಲ್ಲಿ ಹಿಡಿದ ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠ ಇಲ್ಲಿದೆ: ಸಮೃದ್ಧಿಗಿಂತ ಸಂಯಮ ದೊಡ್ಡದು.

ಆರಂಭಿಸುವ ಬಗೆ

ಯಾವುದನ್ನು ಕೊಳ್ಳಬೇಕು ಎಂಬುದೇ ಹೊಸಬರ ಮೊದಲ ಪ್ರಶ್ನೆ. ಅದು ಮೊದಲನೆಯದಾಗಬಾರದೆಂದು ನನ್ನ ಅಭಿಪ್ರಾಯ. ಮನೆಯಲ್ಲಿ ಈಗಾಗಲೇ ಇರುವ ಟ್ಯಾಬ್ಲೆಟ್ಟಿನ ಮೇಲೆ ಬೆರಳಿನಿಂದಲೇ ಒಂದು ತಿಂಗಳು ಬರೆಯಬಹುದು. ಆಸಕ್ತಿ ನಿಂತರೆ ಆ ಉಪಕರಣಕ್ಕೆ ಹೊಂದುವ, ಒತ್ತಡ ಅರಿಯುವ ಲೇಖನಿಯನ್ನು ವಿಚಾರಿಸಬಹುದು. ಮನೆಯಲ್ಲೋ ಶಾಲೆಯಲ್ಲೋ ಕಂಪ್ಯೂಟರಿದ್ದರೆ, ಪರದೆಯಿಲ್ಲದ ಸರಳ ಲೇಖನಿಫಲಕವನ್ನು ಅದಕ್ಕೆ ಜೋಡಿಸಬಹುದು. ಅದು ಬೆಲೆಯಲ್ಲಿ ಹಗುರ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರುವುದರಿಂದ ಮೊದಮೊದಲು ಗೆರೆ ಅಡ್ಡಾದಿಡ್ಡಿಯಾಗುತ್ತದೆ; ಕೆಲವು ವಾರಗಳಲ್ಲಿ ಮಿದುಳು ಹೊಂದಿಕೊಳ್ಳುತ್ತದೆ. ತಂತ್ರಾಂಶಕ್ಕೆ ಹಣ ಕೊಡಬೇಕಾದುದೂ ಇಲ್ಲ. ಅನೇಕ ದೇಶಗಳ ಸ್ವಯಂಸೇವಕರು ಕೂಡಿ ಕಟ್ಟಿದ ಕ್ರಿಟಾ ಎಂಬ ಉತ್ತಮ ತಂತ್ರಾಂಶ ಎಲ್ಲರಿಗೂ ಮುಕ್ತವಾಗಿದೆ. ಸ್ವೀಡಿಷ್ ಭಾಷೆಯಲ್ಲಿ ಕ್ರಿಟಾ ಎಂದರೆ ಸೀಮೆಸುಣ್ಣ. ಹಲಗೆಗೆ ಬಳಪ ದೊರೆತಂತಾಯಿತಲ್ಲವೆ?

ಬರೆಯಲು ಕುಳಿತಾಗ ಮೊದಲ ತಿಂಗಳಿಗೆ ಮೂರು ಕಟ್ಟುಗಳನ್ನು ಹಾಕಿಕೊಳ್ಳುವುದು ಒಳ್ಳೆಯದು.

ಒಂದೇ ಕುಂಚವೆಂಬುದು ಮೊದಲನೆಯದು. ಗಟ್ಟಿ ಅಂಚಿನ ದುಂಡು ಕುಂಚವೊಂದನ್ನು ಆರಿಸಿ, ಉಳಿದುವನ್ನು ಮರೆತುಬಿಡಬೇಕು. ಎಲೆಯ ಆಕಾರದ ಕುಂಚದಿಂದ ಒಂದೇ ಎಳೆತದಲ್ಲಿ ನೂರು ಎಲೆ ಮೂಡಿಸಬಹುದು. ಆದರೆ ಅಷ್ಟೂ ಎಲೆಗಳಲ್ಲಿ ಒಂದನ್ನಾದರೂ ನಾವು ನೋಡಿದಂತಾಗಲಿಲ್ಲ.

ಬಣ್ಣವಿಲ್ಲದೆ ಆರಂಭಿಸುವುದು ಎರಡನೆಯದು. ಕಪ್ಪು, ಬಿಳುಪು, ನಡುವೆ ಮೂರು ಬೂದಿ. ಈ ಐದು ಮಟ್ಟಗಳಲ್ಲಿ ಬಚ್ಚಲಿನ ಹಂಡೆಯನ್ನು ಬರೆದು ನೋಡಿ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ನೆರಳಿನ ಅಂಚು ಎಲ್ಲಿ ಮೃದು, ಎಲ್ಲಿ ಕಠಿನ, ನೆಲದಿಂದ ಮರುಬೆಳಕು ಹಂಡೆಯ ಹೊಟ್ಟೆಗೆ ಹೇಗೆ ಬಡಿಯುತ್ತದೆ ಎಂಬುದೆಲ್ಲ ಆಗ ಕಾಣುತ್ತದೆ. ಬಣ್ಣ ಮೊದಲೇ ಬಂದರೆ ಈ ದೋಷಗಳನ್ನು ಅದು ಮುಚ್ಚಿಬಿಡುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಬರೆದುದನ್ನು ಹಿಂದೆಗೆಯುವ ಗುಂಡಿಯನ್ನು ಮುಟ್ಟದಿರುವುದು. ಕಲ್ಲುಹಲಗೆಯನ್ನು ಒರಸುವಾಗ ಅಂಗೈ ಮಸಿಯಾಗುತ್ತಿತ್ತು. ತಪ್ಪಿನ ಗುರುತು ಸ್ವಲ್ಪ ಉಳಿಯುತ್ತಿತ್ತು. ಈ ಹಲಗೆಯಲ್ಲಿ ಒಂದು ತಟ್ಟಿಗೆ ಗೆರೆ ಇಲ್ಲವಾಗುತ್ತದೆ. ಫಲವೇನೆಂದರೆ ಹೊಸಬ ಒಂದೇ ಗೆರೆಯನ್ನು ಇಪ್ಪತ್ತು ಸಲ ಎಳೆದು ಇಪ್ಪತ್ತು ಸಲ ಅಳಿಸಿ, ಅದೃಷ್ಟದಿಂದ ಸರಿಬಂದುದನ್ನು ಉಳಿಸಿಕೊಳ್ಳುತ್ತಾನೆ. ಮೊದಲ ಹತ್ತೊಂಬತ್ತು ಏಕೆ ತಪ್ಪಿದುವೆಂಬುದು ಅವನಿಗೆ ತಿಳಿಯುವುದೇ ಇಲ್ಲ. ತಪ್ಪು ಗೆರೆಯನ್ನು ಹಾಗೆಯೇ ಇಟ್ಟು ಅದರ ಪಕ್ಕದಲ್ಲಿ ಸರಿಯಾದುದನ್ನು ಎಳೆದರೆ ಎರಡನ್ನೂ ಹೋಲಿಸಬಹುದು. ಪ್ರಯೋಗಶಾಲೆಯಲ್ಲಿ ತಪ್ಪು ಅಳತೆಯನ್ನೂ ದಾಖಲೆ ಪುಸ್ತಕದಿಂದ ಕಿತ್ತೊಗೆಯಬಾರದೆಂದು ಹೇಳುವುದಿಲ್ಲವೆ? ನಿಯಮ ಇಲ್ಲಿಯೂ ಅದೇ.

ತಿಂಗಳು ಕಳೆದ ಮೇಲೆ ಪದರಗಳ ಉಪಯೋಗವನ್ನು ಕಲಿಯಬಹುದು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ, ಕರಡು ಗೆರೆ ಒಂದು ಪದರದಲ್ಲಿ, ಬಣ್ಣ ಇನ್ನೊಂದರಲ್ಲಿ. ಆದರೆ ಪದರಕ್ಕೂ ಬೆಲೆಯುಂಟು. ಎ4 ಅಳತೆಯ ಹಾಳೆಯನ್ನು ಅಚ್ಚಿಗೆ ಒಪ್ಪುವಂತೆ ಅಂಗುಲಕ್ಕೆ 300 ಚುಕ್ಕೆಯಂತೆ ಬರೆದರೆ 2480ನ್ನು 3508ರಿಂದ ಗುಣಿಸಿದಷ್ಟು, ಎಂದರೆ 86,99,840 ಚುಕ್ಕೆಗಳಾಗುತ್ತವೆ. ಚುಕ್ಕೆಗೆ ಮೂರು ಬಣ್ಣಗಳಿಗೂ ಪಾರದರ್ಶಕತೆಗೂ ಸೇರಿ 4 ಬೈಟು. ಒಂದು ತುಂಬಿದ ಪದರಕ್ಕೆ ಸುಮಾರು ಮೂರೂವರೆ ಕೋಟಿ ಬೈಟು ಸ್ಮರಣೆ ಬೇಕು. ಹತ್ತು ಪದರಕ್ಕೆ ಅದರ ಹತ್ತರಷ್ಟು. ಅಗ್ಗದ ಟ್ಯಾಬ್ಲೆಟ್ಟು ತಡವರಿಸುವುದಕ್ಕೆ ಕಾರಣ ಇದು. ಹಾಗೆಯೇ, ಲೇಖನಿ ಸೆಕೆಂಡಿಗೆ 30 ಸೆಂಟಿಮೀಟರಿನಂತೆ ಚಲಿಸುತ್ತಿರುವಾಗ ಯಂತ್ರ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ತಡಮಾಡಿದರೆ ಗೆರೆ ತುದಿಗಿಂತ ಒಂದೂವರೆ ಸೆಂಟಿಮೀಟರು ಹಿಂದೆ ಬಿದ್ದಿರುತ್ತದೆ. ಉಪಕರಣವನ್ನು ಶಪಿಸುವ ಬದಲು ಈ ಲೆಕ್ಕವನ್ನು ಮಾಡಿ, ಪದರಗಳನ್ನು ಕಡಮೆ ಮಾಡಿದರೆ ಕೆಲಸ ಸಾಗುತ್ತದೆ.

ಮಲೆನಾಡಿಗೆ ಒದಗುವ ಅನುಕೂಲ

ಕಮ್ಮರಡಿ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ವಿದ್ಯಾರ್ಥಿಗೆ ಈ ವಿದ್ಯೆ ಕೆಲವು ವಿಶೇಷ ಕಾರಣಗಳಿಂದ ಒಪ್ಪುತ್ತದೆ. ತಂತ್ರಾಂಶವನ್ನು ಒಮ್ಮೆ ಪಡೆದುಕೊಂಡ ಮೇಲೆ ಚಿತ್ರ ಬರೆಯಲು ಜಾಲದ ಸಂಪರ್ಕವೇ ಬೇಕಾಗಿಲ್ಲ. ಪಾಠ ಕೇಳಲು ಗುಡ್ಡ ಹತ್ತಬೇಕಾಗಿತ್ತು. ಚಿತ್ರವನ್ನು ಸಂಕೇತವೇ ಇಲ್ಲದ ಕಣಿವೆಯ ತೋಟದಲ್ಲಿ ಕುಳಿತು ಬರೆಯಬಹುದು. ಗಾಳಿಮಳೆಗೆ ಕರೆಂಟು ಹೋದರೂ ತುಂಬಿದ ಬ್ಯಾಟರಿ ಕೆಲವು ಗಂಟೆ ನಡೆಯುತ್ತದೆ.

ಮಳೆಯ ವಿಷಯ ಇನ್ನೂ ಸ್ವಾರಸ್ಯವಾದುದು. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆಷಾಢ ಶ್ರಾವಣಗಳಲ್ಲಿ ಈ ಸೀಮೆಯ ಗಾಳಿಯೇ ಒದ್ದೆ. ಜಲವರ್ಣ ಬೇಗ ಆರುವುದಿಲ್ಲ. ಒಂದು ಬಣ್ಣ ಆರುವ ಮೊದಲೇ ಇನ್ನೊಂದು ಅದರೊಳಗೆ ಹರಿಯುತ್ತದೆ. ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಬೆಳಕಿನ ಹಲಗೆಗೆ ಈ ಕಾಟವಿಲ್ಲ. ಆದರೆ ಅದಕ್ಕೂ ಒಂದು ಮಳೆಯ ಶತ್ರುತ್ವವಿದೆ. ಪರದೆಯ ಮೇಲೆ ಬಿದ್ದ ಹನಿಯೂ ವಿದ್ಯುತ್ತನ್ನು ಹರಿಯಗೊಡುವುದರಿಂದ, ಧಾರಕಜಾಲಕ್ಕೆ ಅದು ಬೆರಳಿನಂತೆಯೇ ತೋರಿ, ಬರೆಯದ ಗೆರೆಗಳು ತಾವಾಗಿ ಮೂಡಬಹುದು. ಒಣಬಟ್ಟೆಯೊಂದನ್ನು ಹತ್ತಿರವಿಟ್ಟುಕೊಂಡು ಜಗಲಿಯಲ್ಲಿ ಕುಳಿತು ಬರೆಯುವುದು ಕ್ಷೇಮ.

ಎಲ್ಲಕ್ಕಿಂತ ಮಿಗಿಲಾಗಿ, ಚಿತ್ರಿಸಲು ಯೋಗ್ಯವಾದ ವಸ್ತುಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ದೂರದ ದೇಶದ ಹಿಮಪರ್ವತವನ್ನು ಫೋಟೋ ನೋಡಿ ನಕಲು ಮಾಡುವ ಬದಲು ಅಂಗಳದ ಅಡಿಕೆಮರವನ್ನು ಬರೆಯಬಾರದೇಕೆ? ಅದರ ಸೋಗೆ ಬಿದ್ದ ಜಾಗದ ಉಂಗುರಗಳ ನಡುವಿನ ಅಂತರ ಎಲ್ಲೆಡೆಯೂ ಒಂದೇ ಆಗಿದೆಯೆ? ಹಾಳೆಯೊಳಗಿಂದ ಹಿಂಗಾರ ಹೊರಬರುವ ಬಗೆ ಹೇಗೆ? ಮರವನ್ನು ತಬ್ಬಿದ ಮೆಣಸಿನ ಬಳ್ಳಿ ಬೇರು ಬಿಡುವುದು ಎಲ್ಲಿ? ಮಳೆ ನಿಂತ ಮೇಲೆ ತೋಟದಲ್ಲಿ ಎಷ್ಟು ಬಗೆಯ ಹಸಿರುಗಳಿವೆ? ಫೋಟೋದಿಂದ ಬಣ್ಣವನ್ನು ಹೀರಿಕೊಡುವ ಗುಂಡಿ ತಂತ್ರಾಂಶದಲ್ಲಿದೆಯಾದರೂ, ಅದನ್ನು ಒತ್ತುವ ಮೊದಲು ಕಣ್ಣಿನಿಂದ ಊಹಿಸಿ ಬಣ್ಣ ಬೆರೆಸಿ, ಬಳಿಕ ತಾಳೆ ನೋಡುವುದು ಸರಿಯಾದ ಅಭ್ಯಾಸ. ಕಟ್ಟಡಗಳ ಮೇಲೆ ಆಸಕ್ತಿಯಿದ್ದವರಿಗೆ ಶೃಂಗೇರಿಯ ವಿದ್ಯಾಶಂಕರ ದೇವಾಲಯವಿದೆ. ರಾಶಿಚಿಹ್ನೆಗಳನ್ನು ಹೊತ್ತ ಅದರ ಹನ್ನೆರಡು ಕಂಬಗಳ ಎದುರು ಒಂದು ವಾರ ಕುಳಿತರೂ ಕಲಿಯುವುದು ಮುಗಿಯದು.

ನೋಡುವ ವಿದ್ಯೆ

ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆ ಏಳುತ್ತದೆ. ಕ್ಯಾಮೆರಾ ಇದೆ, 2022ರಿಂದ ಈಚೆಗೆ, ನಾಲ್ಕು ಮಾತು ಹೇಳಿದರೆ ಚಿತ್ರವನ್ನು ತಾನೇ ರಚಿಸುವ ಕೃತಕ ಬುದ್ಧಿಯ ಯಂತ್ರಗಳೂ ಸಾಮಾನ್ಯರ ಕೈಗೆ ಬಂದಿವೆ. ಹೀಗಿರುವಾಗ ವಿದ್ಯಾರ್ಥಿ ಕೈಯಿಂದ ಬರೆಯುವ ಶ್ರಮ ಏಕೆ ಪಡಬೇಕು?

ಚಿತ್ರ ಬೇಕಾಗಿರುವುದು ಗೋಡೆಗೆ ಅಂಟಿಸಲು ಮಾತ್ರವಾದರೆ ಈ ಆಕ್ಷೇಪಣೆಗೆ ಉತ್ತರವಿಲ್ಲ. ಆದರೆ ವಿದ್ಯಾರ್ಥಿ ಚಿತ್ರ ಬರೆಯುವುದು ಮುಖ್ಯವಾಗಿ ಚಿತ್ರಕ್ಕಾಗಿ ಅಲ್ಲ, ನೋಡುವುದನ್ನು ಕಲಿಯುವುದಕ್ಕಾಗಿ. ಕೃತಕ ಬುದ್ಧಿಯ ಯಂತ್ರ ಇತರರ ಅಸಂಖ್ಯ ಚಿತ್ರಗಳಿಂದ ಕಲಿತುದನ್ನು ಕೊಡಬಲ್ಲದು. ನಿಮ್ಮ ಬೇಲಿಯ ಈ ಗಿಡದ ಈ ಎಲೆಯನ್ನು ನಿಮ್ಮ ಬದಲಾಗಿ ಅದು ನೋಡಲಾರದು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪದಗಳನ್ನು ಬರೆದುಕೊಂಡವರಿಗಿಂತ ಅವು ಸೂಚಿಸುವ ವಸ್ತುಗಳನ್ನು ಚಿತ್ರಿಸಿದವರಿಗೆ ಅವು ಹೆಚ್ಚು ನೆನಪಿನಲ್ಲಿ ಉಳಿದುದು ಕಂಡುಬಂದಿತು. ಚಿತ್ರ ಚೆನ್ನಾಗಿರಬೇಕಾದ ಅಗತ್ಯವೂ ಇರಲಿಲ್ಲ.

ಸಸ್ಯಶಾಸ್ತ್ರದ ಚರಿತ್ರೆಯೂ ಇದನ್ನೇ ಸಾರುತ್ತದೆ. ಪಶ್ಚಿಮ ಕರಾವಳಿಯ ಗಿಡಮೂಲಿಕೆಗಳನ್ನು ಕುರಿತ 'ಹೋರ್ಟಸ್ ಮಲಬಾರಿಕಸ್' ಎಂಬ ಹನ್ನೆರಡು ಸಂಪುಟಗಳ ಗ್ರಂಥ 1678ರಿಂದ 1693ರವರೆಗೆ ಆಂಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರ ಚಿತ್ರಗಳು ಇಂದಿಗೂ ಸಸ್ಯಶಾಸ್ತ್ರಜ್ಞರ ಕೆಲಸಕ್ಕೆ ಬರುತ್ತಿವೆ. ಫೋಟೋ ಎದುರಿಗಿರುವುದೆಲ್ಲವನ್ನೂ ಹಿಡಿಯುತ್ತದೆ. ಚಿತ್ರ ಮುಖ್ಯವಾದುದನ್ನು ಆರಿಸಿ ತೋರಿಸುತ್ತದೆ. ಆ ಆಯ್ಕೆಯೇ ವಿಜ್ಞಾನದ ತಿರುಳು. ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿಯೇ, ಮೂಡಿಗೆರೆಯ ತೋಟದಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಕಥೆ ಕಾದಂಬರಿಗಳ ಜೊತೆಗೆ ಹಕ್ಕಿಗಳ ಛಾಯಾಚಿತ್ರಣ, ಚಿತ್ರಕಲೆ, ಕಂಪ್ಯೂಟರಿನಲ್ಲಿ ಕನ್ನಡ, ಈ ಮೂರರಲ್ಲೂ ಮಗ್ನರಾಗಿದ್ದರು. ಹೊಸ ಯಂತ್ರಕ್ಕೂ ಕಾಡಿಗೂ ವೈರವಿಲ್ಲವೆಂಬುದಕ್ಕೆ 2007ರಲ್ಲಿ ತೀರಿಕೊಂಡ ಆ ಲೇಖಕರ ಬದುಕೇ ಸಾಕ್ಷಿ.

ಹೀಗೆಂದ ಮಾತ್ರಕ್ಕೆ ಕಾಗದವನ್ನು ಮೂಲೆಗೊತ್ತಬೇಕೆಂದು ಅರ್ಥವಲ್ಲ. ಪೆನ್ಸಿಲಿನ ತುದಿ ಕಾಗದದ ಮೇಲೆ ಉಜ್ಜುವಾಗ ಕೈಗೆ ದೊರೆಯುವ ತಡೆ ನುಣುಪಾದ ಗಾಜಿನ ಮೇಲೆ ದೊರೆಯದು. ಕಾಗದಕ್ಕೆ ಒಂದು ಗಾತ್ರವಿದೆ. ಪರದೆಯಲ್ಲಿ ಹಿಗ್ಗಿಸುತ್ತ ಹೋಗಿ ಒಂದು ಕಣ್ಣಿನ ರೆಪ್ಪೆಯಲ್ಲಿ ಗಂಟೆ ಕಳೆದು ಇಡೀ ಮುಖದ ಪ್ರಮಾಣವನ್ನು ಮರೆಯುವ ಅಪಾಯವಿದೆ. ಕಡತ ಒಂದು ಕ್ಷಣದಲ್ಲಿ ನಾಶವಾಗಬಹುದು. ಆದುದರಿಂದ ಪ್ರತಿಯೊಂದನ್ನು ಬೇರೆ ಕಡೆ ಇಡಬೇಕು. ಕಣ್ಣಿಗೂ ಕತ್ತಿಗೂ ಆಯಾಸವಾಗದಂತೆ ಆಗಾಗ ತಲೆಯೆತ್ತಿ ದೂರದ ಬೆಟ್ಟವನ್ನು ನೋಡಬೇಕು. ಬೇರೊಬ್ಬರ ಚಿತ್ರವನ್ನು ಅಭ್ಯಾಸಕ್ಕೆ ನಕಲು ಮಾಡಬಹುದು, ತನ್ನದೆಂದು ಹೇಳಿಕೊಳ್ಳಕೂಡದು.

ಇನ್ನೊಂದು ಮಾತನ್ನೂ ಮರೆಯಬಾರದು. ಎಲ್ಲರ ಮನೆಯಲ್ಲೂ ಟ್ಯಾಬ್ಲೆಟ್ಟಿಲ್ಲ. ಉಳ್ಳವರ ಮಕ್ಕಳಿಗೆ ಮಾತ್ರ ದೊರೆಯುವ ವಿದ್ಯೆಯನ್ನು ಹೊಗಳುತ್ತ ಕೂರುವುದು ನ್ಯಾಯವಲ್ಲ. ಇದಕ್ಕೆ ಪರಿಹಾರ ಶಾಲೆಯಲ್ಲಿದೆ. ಪ್ರತಿ ಪ್ರೌಢಶಾಲೆಯೂ ಸೂಕ್ಷ್ಮದರ್ಶಕವನ್ನು ವಿದ್ಯಾರ್ಥಿಗಳಿಗೆ ಸರದಿಯಂತೆ ಕೊಡುವಂತೆಯೇ ಒಂದೆರಡು ಟ್ಯಾಬ್ಲೆಟ್ಟುಗಳನ್ನೂ ವಿಜ್ಞಾನದ ಕೊಠಡಿಯಲ್ಲಿ ಇಡಬಹುದು. ಚಿತ್ರಕಲೆಯ ಅಧ್ಯಾಪಕರೂ ಜೀವಶಾಸ್ತ್ರದ ಅಧ್ಯಾಪಕರೂ ಕೂಡಿ, ವಾರಕ್ಕೊಬ್ಬ ವಿದ್ಯಾರ್ಥಿಗೆ ಊರಿನ ಒಂದು ಗಿಡವನ್ನೋ ಕೀಟವನ್ನೋ ವಹಿಸಬಹುದು. ಮೊದಲು ಕಾಗದದ ಮೇಲೆ ಕರಡು, ಆಮೇಲೆ ಹಲಗೆಯ ಮೇಲೆ ಚಿತ್ರ, ಅದರ ಕೆಳಗೆ ಊರಿನವರು ಆಡುವ ಹೆಸರು, ಕಂಡ ಸ್ಥಳ, ದಿನಾಂಕ. ವರ್ಷಕ್ಕೆ ಮೂವತ್ತು ನಲವತ್ತು ಚಿತ್ರ. ಹತ್ತು ವರ್ಷಕ್ಕೆ ಆ ಊರಿನ ಜೀವಸಂಪತ್ತಿನ ಒಂದು ಸಂಪುಟ. ತೋಟಗಳು ಬದಲಾಗುತ್ತಿವೆ, ಕಾಡಂಚು ಸರಿಯುತ್ತಿದೆ, ಹಳೆಯ ಹೆಸರುಗಳನ್ನು ಬಲ್ಲ ಅಜ್ಜ ಅಜ್ಜಿಯರು ಕಡಮೆಯಾಗುತ್ತಿದ್ದಾರೆ. ಇಂದು ಬರೆಯದೆ ಬಿಟ್ಟುದನ್ನು ನಾಳೆ ಯಾರೂ ಬರೆಯಲಾರರು.

ಕನ್ನಡದಲ್ಲಿ ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದವನ್ನು ಬಳಸಿದ ಹಿರಿಯರಿಗೆ, ಎರಡೂ ತಿಳಿವಳಿಕೆಯನ್ನು ದಾಖಲೆ ಮಾಡುವ ಬಗೆಗಳೆಂಬುದು ಗೊತ್ತಿದ್ದಿರಬೇಕು. ಅಕ್ಷರ ಬರೆಯಲು ಎಲ್ಲರೂ ಕಲಿಯಬೇಕೆಂದು ಒಪ್ಪಿದ್ದೇವೆ. ಚಿತ್ರ ಬರೆಯುವುದನ್ನು ಮಾತ್ರ ಹುಟ್ಟಿನಿಂದ ಕೈಬಂದವರಿಗೆ ಬಿಟ್ಟುಕೊಟ್ಟಿದ್ದೇವೆ. ಈ ಭೇದಕ್ಕೆ ಆಧಾರವಿಲ್ಲ. ನೋಡಬಲ್ಲವರೆಲ್ಲ ಬರೆಯಬಲ್ಲರು, ಬರೆದವರು ಇನ್ನೂ ಚೆನ್ನಾಗಿ ನೋಡಬಲ್ಲರು. ಹಲಗೆ ಮನೆಯಲ್ಲಿದೆ, ಗಿಡ ಅಂಗಳದಲ್ಲಿದೆ. ಪರದೆಯಲ್ಲಿ ಓಡುತ್ತಿರುವ ಚಿತ್ರವನ್ನು ಇಂದು ಸಂಜೆ ಅರ್ಧ ಗಂಟೆ ನಿಲ್ಲಿಸಿ, ಖಾಲಿ ಹಾಳೆಯೊಂದನ್ನು ತೆರೆದು, ಒಂದೇ ಕುಂಚದಿಂದ ಒಂದು ಎಲೆಯನ್ನು ಬರೆಯಿರಿ. ಅದು ಸೊಟ್ಟಗಾದರೂ ಅಳಿಸದೆ ದಿನಾಂಕ ಹಾಕಿ ಇಡಿ. ಮುಂದಿನ ಮಳೆಗಾಲಕ್ಕೆ ಅದೇ ಗಿಡದ ಎಲೆಯನ್ನು ಮತ್ತೆ ಬರೆದು ಎರಡನ್ನೂ ಹೋಲಿಸಿದಾಗ, ನಡುವೆ ಬೆಳೆದುದು ಗಿಡವೊಂದೇ ಅಲ್ಲವೆಂಬುದು ನಿಮಗೇ ತಿಳಿಯುತ್ತದೆ.